ಡಬ್ಬದ ನಾದಯೋಗ

"ಊರೆಲ್ಲ ಉಗಿದ ಈ ಡಬ್ಬದಿಂದಲೇ ಜೇನು ಸುರಿಸ್ತೀನಿ, ನೋಡ್ತಿರು," ಎಂದು ವಿಮಾ ಕಚೇರಿಯ ಗುಮಾಸ್ತರು ಹೆಂಡತಿಯ ಮುಂದೆ ಘೋಷಿಸಿದರು. ಡಬ್ಬವೆಂದರೆ ಅವರು ಕೊಂಡು ತಂದಿದ್ದ ಗಿಟಾರ್ ಆಂಪ್ಲಿಫೈಯರ್. ಅದನ್ನು ಬೈಯದವರಿರಲಿಲ್ಲ. ಮಾರಿದ ಅಂಗಡಿಯವನೇ "ಇದೇ ಬೇಕಾ ಸಾರ್?" ಎಂದು ಎರಡು ಸಲ ಕೇಳಿದ್ದ. ವಾದ್ಯತಂಡ ನಡೆಸುವ ಬಾಮೈದನಂತೂ ಒಮ್ಮೆ ಕೇಳಿ ಕಿವಿ ಮುಚ್ಚಿಕೊಂಡಿದ್ದ.

"ಭಾವ, ಇದು ಆಂಪ್ಲಿಫೈಯರ್ ಅಲ್ಲ. ತಗಡಿನ ಡಬ್ಬದಲ್ಲಿ ಸಿಕ್ಕಿಬಿದ್ದ ಕಣಜ."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನುಡಿಸೋಕೆ ಬರದವರು ಡಬ್ಬಾನ ಬೈತಾರೆ."

"ಹಾಗೋ? ನಮ್ಮ ಗಿಟಾರಿನವನು ಬಿಟ್ಟು ಹೋಗಿದ್ದಾನೆ. ಮುಂದಿನ ಭಾನುವಾರ ಬರ್ತೀನಿ. ಇದರಲ್ಲಿ ಹಿತವಾಗಿ ಒಂದು ಹಾಡು ಕೇಳಿಸಿ, ಆ ಜಾಗ ನಿಮ್ಮದೇ."

ಇಪ್ಪತ್ತು ವರ್ಷ ಅರ್ಜಿಗಳ ಮೇಲೆ ಮೊಹರು ಕುಟ್ಟಿದ ಕೈಗೆ ವೇದಿಕೆ ಹತ್ತುವ ಯೋಗ! ಗುಮಾಸ್ತರಿಗೆ ಆ ಆಸೆ ಕಾಲೇಜಿನಿಂದಲೂ ಇತ್ತು, ಹೇಳಿಕೊಳ್ಳಲು ನಾಚಿಕೆಯಿತ್ತು ಅಷ್ಟೆ.

ನಾದಸಂಶೋಧನೆ ಶುರುವಾಯಿತು. ನೆಲದ ಮೇಲಿದ್ದ ಡಬ್ಬ ಸ್ಟೂಲ್ ಹತ್ತಿತು, ಗೋಡೆಗೆ ಮುಖಮಾಡಿ ನಿಂತಿತು, ಬಟ್ಟೆಯ ಬೀರುವಿನಲ್ಲಿ ಒಂದು ರಾತ್ರಿ ಅಜ್ಞಾತವಾಸ ಮುಗಿಸಿ, ಕೊನೆಗೆ ಊಟದ ಮೇಜಿನ ಮೇಲೆ ಪಟ್ಟಾಭಿಷಿಕ್ತವಾಯಿತು. ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡರು. ಪ್ರತಿ ನಾಬ್‌ನ ಸ್ಥಾನಕ್ಕೂ ಹೆಂಡತಿಯ ಉಗುರುಬಣ್ಣದಿಂದ ಕೆಂಪು ಗುರುತು ಬಿತ್ತು. ಆಂಪ್ಲಿಫೈಯರ್ ಬೆಚ್ಚಗಾದಷ್ಟೂ ನಾದ ಇಂಪು ಎಂದು ಎಲ್ಲೋ ಓದಿದ್ದರಿಂದ, ಗಿಟಾರ್ ಸಿಕ್ಕಿಸಿ ಸ್ವಿಚ್ ಹಾಕಿಯೇ ಕಚೇರಿಗೆ ಹೋಗತೊಡಗಿದರು. ಆ ಉಪದೇಶ ಹಳೇ ಕಾಲದ, ವಾಲ್ವ್ ಇರುವ ಬೇರೆ ಜಾತಿಯ ಆಂಪ್ಲಿಫೈಯರ್‌ಗೆ ಸೇರಿದ್ದು. ಅದು ಅವರ ತಲೆಗೆ ಹೊಳೆಯಲಿಲ್ಲ.

ಅವರು ನುಡಿಸಿದಾಗಲೆಲ್ಲ ಮೇಲಿನ ಮಹಡಿಯ ಅಜ್ಜಿ ಊರುಗೋಲಿನಿಂದ ನೆಲ ಕುಟ್ಟುತ್ತಿದ್ದರು.

"ನೋಡು, ಅಜ್ಜಿ ತಾಳ ಹಾಕ್ತಿದ್ದಾರೆ."

"ತಾಳ ಅಲ್ಲ ರೀ, ತಾಳಲಾರದೆ ಕುಟ್ತಿದ್ದಾರೆ," ಎಂದಳು ಹೆಂಡತಿ.

ಶನಿವಾರ ಸಂಜೆ ಅಜ್ಜಿ ಖುದ್ದು ಇಳಿದು ಬಂದರು. ಗುಮಾಸ್ತರು ಬೈಗುಳಕ್ಕೆ ಸಿದ್ಧರಾಗಿ ನಿಂತರು.

"ಇವತ್ತು ಹನ್ನೊಂದು ಗಂಟೆಗೆ ನುಡಿಸಿದ್ಯಲ್ಲಪ್ಪ, ಎಷ್ಟು ಹಿತವಾಗಿತ್ತು. ಇನ್ಮೇಲೆ ಅದನ್ನೇ ನುಡಿಸು," ಎಂದು ಹೇಳಿ ಅಜ್ಜಿ ಮೆಟ್ಟಿಲು ಹತ್ತಿದರು.

ಗುಮಾಸ್ತರ ಎದೆ ಎರಡು ಅಂಗುಲ ಉಬ್ಬಿತು. "ಕೇಳಿದ್ಯಾ?"

"ಕೇಳ್ದೆ. ಹನ್ನೊಂದಕ್ಕೆ ನೀವು ಆಫೀಸಲ್ಲಿದ್ರಿ."

"ಹಾಗಾದ್ರೆ ನುಡಿಸಿದ್ದು ಯಾರು?"

"ಯಾರೂ ಇಲ್ಲ. ಧೂಳು ಒರೆಸ್ತಿದ್ದೆ. ನಾಬ್‌ಗಳು ಒಂದೊಂದು ಒಂದೊಂದು ಕಡೆ ಸೊಟ್ಟಗಿದ್ವು, ಎಲ್ಲಾನೂ ನೆಟ್ಟಗೆ ನಿಲ್ಲಿಸ್ದೆ. ತಂತಿ ಮೇಲೂ ಒಂದು ಸಲ ಬಟ್ಟೆ ಆಡಿಸ್ದೆ."

ಬೇರೆಯವರಾಗಿದ್ದರೆ ಇಲ್ಲಿಗೇ ಬುದ್ಧಿ ಕಲಿಯುತ್ತಿದ್ದರು. ಗುಮಾಸ್ತರು ಮಾತ್ರ, ರಹಸ್ಯವೆಲ್ಲ ನೆಟ್ಟಗಿನ ನಾಬ್‌ಗಳಲ್ಲಿದೆ ಎಂದು ಕುಣಿದಾಡಿ, ಅವನ್ನು ಯಾರೂ ಮುಟ್ಟದಂತೆ ಡಬ್ಬದ ಸುತ್ತ ನಾಲ್ಕು ಕುರ್ಚಿ ಕಾವಲಿಟ್ಟು ಮಲಗಿದರು.

ಭಾನುವಾರ ಬಾಮೈದ ಬಂದ. ಗುಮಾಸ್ತರು ಕಣ್ಣು ಮುಚ್ಚಿ ನುಡಿಸಿದರು. ಅರ್ಧ ನಿಮಿಷಕ್ಕೆ ಮೇಲಿನಿಂದ ಊರುಗೋಲು ಧಡಧಡ ಕುಟ್ಟಿತು.

"ಕೊಡಿ ಭಾವ ಇಲ್ಲಿ," ಎಂದು ಬಾಮೈದ ಗಿಟಾರ್ ತೆಗೆದುಕೊಂಡ. ನಾಬ್‌ಗಳನ್ನು ಮುಟ್ಟಲಿಲ್ಲ. ಅದೇ ಡಬ್ಬದಿಂದ ಹೊರಟ ನಾದಕ್ಕೆ ಅಡುಗೆಮನೆಯಲ್ಲಿದ್ದ ಅವನ ಅಕ್ಕ ಒಲೆ ಆರಿಸಿ ಬಂದು ನಿಂತಳು. ಮೇಲೆ ಊರುಗೋಲು ಮತ್ತೆ ಕುಟ್ಟತೊಡಗಿತು. ಈ ಸಲ ನಿಜವಾಗಿಯೂ ತಾಳ ಹಾಕುತ್ತಿತ್ತು.

"ತಪ್ಪಾಯ್ತು ಭಾವ, ಡಬ್ಬಾನ ಸುಮ್ಮನೆ ಬೈದೆ. ನೆಟ್ಟಗೆ ಇಟ್ರೆ ಚೆನ್ನಾಗೇ ಇದೆ. ಇದು ನಮ್ಮ ತಂಡಕ್ಕೆ ಬೇಕು."

"ಡಬ್ಬ ಮಾತ್ರಾನಾ?"

ಬಾಮೈದ ಡಬ್ಬವನ್ನು ತುಸು ಎತ್ತಿ ತೂಕ ನೋಡಿದ. "ಹೊತ್ತು ತರೋಕೆ ಒಬ್ರು ಬೇಕಲ್ಲ. ನೀವೂ ಬನ್ನಿ."

ಗುಮಾಸ್ತರು ಡಬ್ಬವನ್ನು ತಬ್ಬಿಕೊಂಡು ಬಾಗಿಲ ಕಡೆ ನಡೆದರು. ಖಾಲಿಯಾದ ಊಟದ ಮೇಜನ್ನು ಒರೆಸುತ್ತ ಹೆಂಡತಿ ಹೇಳಿದಳು:

"ಧೈರ್ಯವಾಗಿ ಹೋಗಿ ಬನ್ನಿ. ನೆಲ ನೆಟ್ಟಗೇ ಇದೆ."