ಒಂದು ಉದ್ದ, ಎರಡು ಗಿಡ್ಡ

"ಕಂಪ್ಯೂಟರಿನಲ್ಲಿ ಹುಟ್ಟಿಸೋಕಾಗದ ಸದ್ದು ಈ ಭೂಮಂಡಲದಲ್ಲೇ ಇಲ್ಲ! ನಮ್ಮ ಮನೆ ಬೆಲ್ಲನ್ನೇ ಮಾಡಿ ತೋರಿಸ್ತೀನಿ. ಯಾವುದು ಅಸಲಿ, ಯಾವುದು ನಕಲಿ ಅಂತ ಯಾರಾದ್ರೂ ಹೇಳ್ಲಿ ನೋಡೋಣ!" ಎಂದು ಟಿಂಗಣ್ಣ ತೊಡೆ ತಟ್ಟಿ ಶಪಥ ಮಾಡಿದ. ಕೇಳಿಸಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಫ್ರಿಜ್ಜು ಮಾತ್ರ ಒಮ್ಮೆ ಗುರ್ ಎಂದು ಸುಮ್ಮನಾಯಿತು.

ಟಿಂಗಣ್ಣ ಎಂಬುದು ಹೆಸರಲ್ಲ, ಹೆಂಡತಿ ದಯಪಾಲಿಸಿದ ಬಿರುದು. ಲಿಫ್ಟು ನಿಂತಾಗ 'ಟಿಂಗ್' ಅನ್ನುತ್ತದಲ್ಲ, ವಾಷಿಂಗ್ ಮೆಷಿನ್ ಕೆಲಸ ಮುಗಿಸಿ 'ಟಿಣಿಣಿ' ಅನ್ನುತ್ತದಲ್ಲ, ಅಂಥ ಸದ್ದುಗಳನ್ನು ಮನೆಯಲ್ಲೇ ಕೂತು ತಯಾರಿಸಿ ಕಂಪನಿಗಳಿಗೆ ಕೊಡುವುದು ಅವನ ಕಸುಬು. ವಾದ್ಯವೆಲ್ಲ ಕಂಪ್ಯೂಟರಿನ ಒಳಗೇ. ಪರದೆಯ ಮೇಲೆ ಸಾಲು ಸಾಲು ಗುಂಡಿಗಳು. ಮೌಸ್ ಹಿಡಿದು ಅವನ್ನು ತಿರುಗಿಸುತ್ತಾ ಕೂತರೆ ಅವನಿಗೆ ಊಟವೂ ಬೇಡ, ಲೋಕವೂ ಬೇಡ.

ಆ ಹೆಂಡತಿಗೊಂದು ಅಭ್ಯಾಸ. ಬ್ಯಾಗಿನಲ್ಲಿ ಬೀಗದ ಕೈ ಇದ್ದರೂ ಅದನ್ನು ಮುಟ್ಟುತ್ತಿರಲಿಲ್ಲ. ಹೊರಗಿನಿಂದ ಬಂದರೆ ಬೆಲ್ಲೇ ಆಗಬೇಕು: ಒಂದು ಉದ್ದ, ಎರಡು ಗಿಡ್ಡ. ಟಿಂಗಣ್ಣ ಕೆಲಸ ಬಿಟ್ಟು ಗೊಣಗುತ್ತಾ ಏಳಬೇಕು.

"ಕೀ ಇದೆಯಲ್ಲೇ! ತೆಕ್ಕೊಂಡು ಒಳಗೆ ಬರೋಕೇನು ಕಷ್ಟ?"

"ಮನೇಲಿ ಮನುಷ್ಯ ಇದ್ದಾಗ ನಾನ್ಯಾಕ್ರೀ ಬೀಗ ತೆಗೀಲಿ? ಖಾಲಿ ಮನೆಗೆ ಬಂದ ಹಾಗಾಗುತ್ತೆ."

ಒಂದು ದಿನ ಅವನು ಯಾವುದೋ ನಾಜೂಕಿನ ಸದ್ದನ್ನು ಹದಕ್ಕೆ ತರುತ್ತಿದ್ದಾಗಲೇ ಬೆಲ್ಲು ಹೊಡೆಯಿತು. "ಇನ್ನೊಂದು ಸಲ ಆ ಬೆಲ್ ಮುಟ್ಟಿದ್ರೆ ನೋಡು!" ಎಂದು ಅಬ್ಬರಿಸಿಬಿಟ್ಟ. ಅವಳು ಬೀಗದ ಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲಿ, ಅವನದರ ಪಕ್ಕದಲ್ಲೇ ಇಟ್ಟಳು. "ಇನ್ನು ಮುಟ್ಟಲ್ಲ ಬಿಡಿ. ಬೇಕು ಅನ್ನಿಸಿದ್ರೆ ಬಾಯಿಬಿಟ್ಟು ಕರೀರಿ" ಎಂದು ಅಕ್ಕನ ಮನೆಗೆ ಹೊರಟೇಹೋದಳು.

ಬಾಯಿಬಿಟ್ಟು ಕರೆಯುವುದೇ? ಟಿಂಗಣ್ಣನೇ? ಅವಳೇ ಫೋನು ಮಾಡಿದಾಗಲೂ ಮೀಸೆ ಮಣ್ಣಾಗಲು ಬಿಡಲಿಲ್ಲ.

"ಹೇಗಿದೀರಿ?"

"ಆರಾಮ! ಏನು ಶಾಂತಿ, ಏನು ನೆಮ್ಮದಿ! ಕೆಲಸ ಕುದುರೆ ಥರ ಓಡ್ತಿದೆ!"

"ಒಳ್ಳೇದಾಯ್ತು. ಹಾಗಾದ್ರೆ ಇನ್ನಷ್ಟು ದಿನ ಇದ್ದು ಬರ್ತೀನಿ."

ಫೋನಿಟ್ಟ ಮೇಲೆ ಆ ಶಾಂತಿ ಅವನನ್ನು ತಿನ್ನತೊಡಗಿತು. ನಲ್ಲಿಯಿಂದ ಹನಿ ಬಿದ್ದರೆ ತಿರುಗಿ ನೋಡುವ ಹಾಗಾಯಿತು. ಒಂದು ಲೋಟ ಚಹಾಕ್ಕೆ ಎರಡು ಲೋಟ ತೆಗೆದು, ಒಂದನ್ನು ಮತ್ತೆ ಒಳಗಿಡುವುದಾಯಿತು. ಮನೆ ಬಿಕೋ ಎನ್ನುತ್ತಿತ್ತು. ಆಗಲೇ ಹುಟ್ಟಿದ್ದು ಆ ಬೆಲ್ಲಿನ ಶಪಥ!

ಪರದೆಯ ಮೇಲೆ ಆಸಿಲೇಟರ್ ಎಂಬುದೊಂದಿದೆ. ಕೂಗು ಎಂದರೆ ಒಂದೇ ಸ್ವರದಲ್ಲಿ ಕೂಗುತ್ತಲೇ ಇರುವುದು ಅದರ ಧರ್ಮ. ಒಂದೇ ಆಸಿಲೇಟರಿನ ಬೆಲ್ಲು ನೆಗಡಿಯಾದ ಸೊಳ್ಳೆಯಂತಿತ್ತು. ಎರಡನೆಯದನ್ನು ಜೊತೆಗಿಟ್ಟ. ಎರಡೂ ಒಂದೇ ಸ್ವರಕ್ಕೆ ನಿಂತವು, ಆದರೂ ಜೀವವಿಲ್ಲ! ಕೊನೆಗೆ ಎರಡನೆಯದರ ಸ್ವರವನ್ನು ಕೂದಲೆಳೆಯಷ್ಟು ಆಚೆ ಜರುಗಿಸಿದ. ಎರಡೂ ಒಂದಕ್ಕೊಂದು ಸ್ವಲ್ಪ ತಕರಾರು ತೆಗೆದವು ನೋಡಿ, ಮನೆಯ ಬೆಲ್ಲು ಥೇಟ್ ಹಾಗೇ ಮೊಳಗಿತು! ಒಂದು ಉದ್ದ, ಎರಡು ಗಿಡ್ಡ.

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಟ್ಟನೇ? ಹೊತ್ತುಗೊತ್ತಿಲ್ಲದೆ, ಸ್ಪೀಕರಿನಿಂದ ತಾನಾಗಿ ಹೊಡೆಯುವಂತೆ ಅದನ್ನು ಹೊಂದಿಸಿದ. ಬರುವವರು ಹೊತ್ತು ಹೇಳಿ ಬರುತ್ತಾರೆಯೇ? ಬೆಲ್ಲು ಹೊಡೆದಾಗಲೆಲ್ಲ "ಬಂದೆ, ಬಂದೆ!" ಎಂದು ಹೋಗಿ ಬಾಗಿಲು ತೆಗೆಯುವನು, ಖಾಲಿ ಮೆಟ್ಟಿಲನ್ನು ನೋಡುವನು, ಮುಚ್ಚುವನು. ಅವನು ತೆಗೆದಾಗಲೆಲ್ಲ ಎದುರುಮನೆಯ ನರ್ಸಮ್ಮನೂ ಬಾಗಿಲು ತೆಗೆಯುವರು.

"ಯಾರು ಬಂದಿದ್ರು?"

"ಯಾರೂ ಇಲ್ಲ. ಬೆಲ್ ಪರೀಕ್ಷೆ ಮಾಡ್ತಿದೀನಿ."

"ಬೆಲ್ ಪರೀಕ್ಷೆಗೆ ಬಾಗಿಲು ಯಾಕ್ರೀ ತೆಗೀತೀರಿ?"

ಟಿಂಗಣ್ಣ ಮೆಲ್ಲಗೆ ಬಾಗಿಲು ಮುಚ್ಚತೊಡಗಿದ. ನರ್ಸಮ್ಮ ಅವನ ಮುಖವನ್ನು ದಿಟ್ಟಿಸಿ, ಒಳಗೆ ಹೋಗಿ, ಅವನ ಹೆಂಡತಿಗೆ ಫೋನು ಮಾಡಿದರು: "ನಿಮ್ಮ ಯಜಮಾನ್ರು ಯಾರೂ ಬರದಿದ್ರೂ ಬಾಗಿಲು ತೆಗೀತಿದಾರೆ ಕಣಮ್ಮಾ. ಬೇಗ ಬಂದ್ಬಿಡು."

ಮರುದಿನ ಮಧ್ಯಾಹ್ನ ಬೆಲ್ಲು ಹೊಡೆಯಿತು. ಟಿಂಗಣ್ಣ ಎದ್ದವನೇ ನಿಂತುಬಿಟ್ಟ. ಛೆ! ಸ್ವರ ಒಂದು ಎಳೆ ಕೆಳಗಿದೆ. ಎರಡನೇ ಆಸಿಲೇಟರ್ ಜಾರಿದೆ! ಬಾಗಿಲ ಕಡೆಗಿಟ್ಟ ಹೆಜ್ಜೆಯನ್ನು ಕಂಪ್ಯೂಟರಿನ ಕಡೆ ತಿರುಗಿಸಿದ. ಗುಂಡಿ ತಿರುವಿದ. ಮತ್ತೆ ಹೊಡೆಯಿತು, ಅದೇ ಸ್ವರ! ಇನ್ನಷ್ಟು ತಿರುವಿದ. ಜಪ್ಪಯ್ಯ ಅಂದರೂ ಏರಲಿಲ್ಲ. ಮೂರನೇ ಸಲ ಗಿಡ್ಡವೇ ಇಲ್ಲ, ಬರೀ ಉದ್ದ! "ಎಲಾ ದರಿದ್ರವೇ, ನನಗೇ ತಿರುಗಿ ಬೀಳ್ತೀಯಾ?" ಎಂದು ಹಲ್ಲು ಕಡಿದು ಗುಂಡಿಯನ್ನು ಹಳೆಯ ಜಾಗಕ್ಕೇ ತಂದ. ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಬೆಲ್ಲು ಇಂಪಾಗಿ ಹೊಡೆಯಿತು: ಒಂದು ಉದ್ದ, ಎರಡು ಗಿಡ್ಡ.

"ಗೆದ್ದೆ!" ಎಂದು ಟಿಂಗಣ್ಣ ಕುರ್ಚಿಯಿಂದ ನೆಗೆದ.

ಧಡ್ ಧಡ್ ಧಡ್! ಬಾಗಿಲು ಬಡಿದದ್ದು ನರ್ಸಮ್ಮ. "ಏನ್ರೀ ನೀವು! ಅವಳು ಬಂದು ಬೆಲ್ ಹೊಡೆದು ಹೊಡೆದು, ಕಣ್ಣೊರೆಸಿಕೊಂಡು ಬಸ್ ಸ್ಟಾಪಿಗೆ ಹೋದ್ಲು. ಒಳಗೆ ಕೂತು 'ದರಿದ್ರವೇ' ಅಂತ ಬೈದ್ರಂತೆ!"

ಟಿಂಗಣ್ಣ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಹೆಂಡತಿಯ ಹಳೆಯ ಚಪ್ಪಲಿ ಮೆಟ್ಟಿ ಬಿದ್ದಂಬೀಳ ಓಡಿದ. ಹಿಂದೆ ಬಾಗಿಲು ದಢಾರನೆ ಮುಚ್ಚಿ ತಾನೇ ಬೀಗ ಹಾಕಿಕೊಂಡಿತು.

ಅವಳು ಸ್ಟಾಪಿನ ಬೆಂಚಿನ ತುದಿಯಲ್ಲಿ ಬ್ಯಾಗು ತಬ್ಬಿ ಕೂತಿದ್ದಳು.

"ಬಸ್ಸು ಬರ್ಲಿಲ್ವಾ?" ಏದುಸಿರಿನಲ್ಲಿ ಕೇಳಿದ.

"ಬಂತು, ಹೋಯ್ತು. ಹತ್ತೋಕೆ ಕಾಲು ಬರ್ಲಿಲ್ಲ."

"ಬೈದಿದ್ದು ನಿನಗಲ್ಲ ಕಣೇ, ಆಸಿಲೇಟರಿಗೆ! ನಾನೇ ಮಾಡಿದ ಬೆಲ್ಲು ಅಂದ್ಕೊಂಡೆ."

"ಮನೇಲೊಂದು ಬೆಲ್ ಇತ್ತಲ್ಲ. ಇನ್ನೊಂದು ಯಾಕೆ ಮಾಡಿದ್ರಿ?"

"ಅದು... ಕಂಪನಿಯವರು..."

"ರೀ."

"ಇರೋ ಬೆಲ್ಲನ್ನ ಹೊಡೆಯೋರೇ ಇರ್ಲಿಲ್ಲ ಕಣೇ" ಎಂದ ಟಿಂಗಣ್ಣ. "ನೀನಿಲ್ದೆ ಆಗಲ್ಲ ನನಗೆ. ಮನೆಗೆ ಬಾ." ಧ್ವನಿ ನಡುಗುತ್ತಿತ್ತು. ಅದನ್ನು ನೆಟ್ಟಗೆ ಮಾಡಲು ಯಾವ ಗುಂಡಿಯೂ ಇರಲಿಲ್ಲ.

ಅವಳು ಅವನ ಚಪ್ಪಲಿಗಳನ್ನು ನೋಡಿದಳು, ಬ್ಯಾಗನ್ನು ಅವನ ಕೈಗೆ ಕೊಟ್ಟಳು.

ಮೆಟ್ಟಿಲು ಹತ್ತಿ ಬಂದ ಮೇಲೆ ಟಿಂಗಣ್ಣ ಜೇಬು ತಡಕಿದ. ಆ ಜೇಬು, ಈ ಜೇಬು. ಎರಡೂ ಬೀಗದ ಕೈಗಳು ಒಳಗೆ ಗೂಡಿನಲ್ಲಿ ಅಕ್ಕಪಕ್ಕ ಸುಖವಾಗಿದ್ದವು. ಅದೇ ಹೊತ್ತಿಗೆ ಒಳಗಿನಿಂದ ಬೆಲ್ಲು ಮೊಳಗಿತು.

ಹೆಂಡತಿ ಬಾಗಿಲಿಗೆ ಕಿವಿಯಿಟ್ಟು ಕೇಳಿದಳು. "ಪರವಾಗಿಲ್ವೇ! ಥೇಟ್ ನಾನೇ ಹೊಡೆದ ಹಾಗಿದೆ."

"ಅಲ್ವಾ?" ಟಿಂಗಣ್ಣ ಉಬ್ಬಿಹೋದ. "ನನ್ನ ಕೈಲಾಗದ ಸದ್ದೇ ಇಲ್ಲ ಕಣೇ!"

"ಹೌದಾ? ಹಾಗಾದ್ರೆ ಬಾಗಿಲು ತೆಗೆಯೋ ಸದ್ದೊಂದು ಮಾಡ್ಬಿಡಿ, ಒಳಗೆ ಹೋಗೋಣ."