ಪುಡಿರಾಯರ ಸ್ಕ್ರಾಲ್ ಸಾ ಖರೀದಿ

ಗುಟ್ಟೊಂದನ್ನು ಅರ್ಧ ದಿನ ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಇದ್ದಿದ್ದರೆ ಪುಡಿರಾಯರ ಆ ಶನಿವಾರ ಬೇರೆಯೇ ರೀತಿಯಲ್ಲಿ ಮುಗಿಯುತ್ತಿತ್ತು. ಆದರೆ ಬೆಳಿಗ್ಗೆ ಕಚೇರಿಗೆ ಬಂದು ಕೊಡೆ ನೇತುಹಾಕುತ್ತಿದ್ದಂತೆ ಕ್ಯಾಷಿಯರಮ್ಮ, "ಏನ್ ಪುಡಿರಾಯರೇ, ಇವತ್ತು ಮುಖದಲ್ಲಿ ಮದುವೆ ಕಳೆ!" ಎಂದದ್ದೇ ತಡ, "ಮಧ್ಯಾಹ್ನ ಸ್ಕ್ರಾಲ್ ಸಾ ನೋಡೋಕೆ ಹೋಗ್ತಿದೀನಿ" ಎಂಬ ಮಾತು ಅವರ ಬಾಯಿಂದ ಜಾರಿಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಪುಡಿರಾಯರು ಎಂಬುದು ಕಚೇರಿ ಇಟ್ಟ ಹೆಸರು. ಈ ಗುಮಾಸ್ತರ ಹೆಗಲ ಮೇಲೆ, ಕಿವಿಯ ಸಂದಿನಲ್ಲಿ, ಒಮ್ಮೊಮ್ಮೆ ಊಟದ ಡಬ್ಬಿಯಲ್ಲೂ ಮರದ ಪುಡಿ ಇರುತ್ತಿತ್ತು. ನಲ್ಲಿ ನೀರಿನ ಬಿಲ್ಲು ಬರೆಯುವುದು ಹೊಟ್ಟೆಪಾಡು; ತೆಳು ಹಲಗೆಯಲ್ಲಿ ಚಿತ್ರ ಕೊರೆಯುವುದು ಜೀವ. ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಕೈಗರಗಸದಿಂದ ಕೊರೆದೂ ಕೊರೆದೂ ಅವರ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಎಷ್ಟು ಕೊರೆದರೇನು? ಹಕ್ಕಿಯ ಬಾಲ ಬರುತ್ತಿತ್ತು, ರೆಕ್ಕೆ ಬರುತ್ತಿತ್ತು, ಕೊಕ್ಕಿನ ತಿರುವಿಗೆ ಬರುವಷ್ಟರಲ್ಲಿ ಬ್ಲೇಡು ಪಟ್ಟೆಂದು ಮುರಿಯುತ್ತಿತ್ತು. ಮನೆ ತುಂಬ ಕೊಕ್ಕಿಲ್ಲದ ಹಕ್ಕಿಗಳು. ನೆಂಟರು ಬಂದರೆ, "ಆಮೆ ತುಂಬಾ ಚೆನ್ನಾಗಿದೆ" ಎಂದು ಹೊಗಳಿ ಹೋಗುತ್ತಿದ್ದರು.

ಸ್ಕ್ರಾಲ್ ಸಾ ಇದ್ದರೆ ಆ ಗೋಳಿಲ್ಲ. ನೋಡುವುದಕ್ಕೆ ಅದು ಹೊಲಿಗೆ ಮಿಷನ್ನಿನ ಅಣ್ಣನ ಹಾಗೆ. ಸೂಜಿಯ ಜಾಗದಲ್ಲಿ ಹಲ್ಲಿರುವ ತೆಳು ಬ್ಲೇಡು. ಅದು ನಿಂತಲ್ಲೇ ಮೇಲೆ ಕೆಳಗೆ ಆಡುತ್ತದೆ, ನಾವು ಹಲಗೆ ತಿರುಗಿಸುತ್ತಾ ಹೋದರೆ ಸಾಕು, ಎಂಥ ಡೊಂಕಾದರೂ ಒಲಿಯುತ್ತದೆ. ಪೇಟೆಯ ಅಂಗಡಿಯ ಗಾಜಿನ ಹಿಂದೆ ಅಂಥದ್ದೊಂದು ಹಸಿರು ಮಿಷನ್ನು ಕುಳಿತಿತ್ತು. ಪುಡಿರಾಯರು ದಿನಾ ಸಂಜೆ ಅದರ ಮುಂದೆ ನಿಲ್ಲುತ್ತಿದ್ದರು. ಅಂಗಡಿಯವನು ಬೆಳಿಗ್ಗೆ ಗಾಜು ಒರೆಸುವಾಗ ಇವರ ಹಣೆ ತಗುಲಿದ ಜಾಗವನ್ನೇ ಮೊದಲು ಒರೆಸುತ್ತಿದ್ದ. ಹೊಸದನ್ನು ಕೊಳ್ಳುವ ಮಾತು ಕನಸಿನಲ್ಲೂ ಇರಲಿಲ್ಲ. ಆದರೂ ಅದರ ಸದ್ದು ಹೇಗಿರಬಹುದು, ಹಲಗೆ ಕೈಯೊಳಗೆ ಹೇಗೆ ತಿರುಗಬಹುದು ಎಂದು ಯೋಚಿಸಿ ಯೋಚಿಸಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ.

ಹಾಗಿರುವಾಗ ಅದೇ ಅಂಗಡಿಯ ಗೋಡೆಯ ಮೇಲೆ ಒಂದು ಚೀಟಿ: 'ಬಳಸಿದ ಸ್ಕ್ರಾಲ್ ಸಾ ಮಾರಾಟಕ್ಕಿದೆ.' ಕೆಳಗೆ ಮನೆಯ ವಿಳಾಸ. ಪುಡಿರಾಯರು ಬೇರೆ ಯಾರೂ ನೋಡದಿರಲೆಂದು ಚೀಟಿಯನ್ನೇ ಕಿತ್ತು ಜೇಬಿಗಿಟ್ಟುಕೊಂಡು ಮನೆಗೆ ಬಂದರು. ಹೆಂಡತಿ ಓದಿ ನೋಡಿ, "ತಂದ್ಬಿಡಿ ಅತ್ಲಾಗೆ. ನೀವು ನಿಟ್ಟುಸಿರು ಬಿಟ್ರೆ ಕಿಟಕಿ ಪರದೆ ಅಲ್ಲಾಡುತ್ತೆ" ಎಂದು ಒಪ್ಪಿಗೆ ಕೊಟ್ಟಳು. ಇಷ್ಟು ದಿನದ ಆಸೆ ಇನ್ನೇನು ಕೈಗೆ ಬಂತು ಎನ್ನುವ ಹೊತ್ತಿಗೆ ಕ್ಯಾಷಿಯರಮ್ಮನ ಕಿವಿಗೆ ವಿಷಯ ಬಿತ್ತು.

"ಒಬ್ರೇ ಹೋಗ್ತೀರಾ? ಹಳೇ ಸಾಮಾನು ತಗೊಳ್ಳೋಕೆ? ನಿಮ್ಮ ಮುಖ ನೋಡಿದ್ರೇ ಸಾಕು, ಅವರು ಡಬಲ್ ಹೇಳ್ತಾರೆ. ನಾನು ಬರ್ತೀನಿ" ಎಂದ ಆಕೆ ಮಧ್ಯಾಹ್ನವಾಗುತ್ತಲೇ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಹೊರಟೇಬಿಟ್ಟಳು.

ಮಿಷನ್ನು ಹೊರಲು ಗಾಡಿ ಬೇಕಲ್ಲ, ಅದಕ್ಕೆ ಪಕ್ಕದ ಮನೆಯ ಡ್ರೈವಿಂಗ್ ಮೇಷ್ಟ್ರು ಕಾರು ತಂದರು. ಕಲಿಯುವವರ ಕಾರು ಅದು. ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕಿತ್ತು. ಇಡೀ ಆಯಸ್ಸು ಬೇರೆಯವರು ಓಡಿಸುವಾಗ ಬ್ರೇಕ್ ಒತ್ತಿ ಒತ್ತಿ, ಯಾರ ಮನೆಯಲ್ಲಿ ಯಾವ ಒಳ್ಳೆಯ ಕೆಲಸ ಶುರುವಾದರೂ ಒತ್ತುವ ಅಭ್ಯಾಸ ಅವರಿಗೆ ಅಂಟಿಬಿಟ್ಟಿತ್ತು.

"ನಿಮ್ಮ ಮನೆಯವರು ಹೇಳಿ ಕಳಿಸಿದಾರೆ, ಇವರಿಗೆ ಯಾರೂ ಟೋಪಿ ಹಾಕದಂಗೆ ನೋಡ್ಕೊಳ್ಳಿ ಅಂತ" ಎಂದರು ಮೇಷ್ಟ್ರು.

"ಅಲ್ಲಿ ಹೋದ್ಮೇಲೆ ನೀವು ಬಾಯಿ ಬಿಡಬಾರ್ದು" ಎಂದಳು ಕ್ಯಾಷಿಯರಮ್ಮ. "ಮುಖ ಹುಳಿ ಮಾಡ್ಕೊಂಡು ನಿಂತ್ಕೊಳ್ಳಿ. ಆಸೆ ಕಾಣಿಸ್ತೋ, ಕೆಲಸ ಕೆಡ್ತು."

ದಾರಿಯುದ್ದಕ್ಕೂ ಪುಡಿರಾಯರು ಕಾರಿನ ಕನ್ನಡಿಯಲ್ಲಿ ಮುಖ ಹುಳಿ ಮಾಡುವುದನ್ನು ಅಭ್ಯಾಸ ಮಾಡಿದರು. ಎಷ್ಟು ಪ್ರಯತ್ನಿಸಿದರೂ ತುಟಿಯ ಕೊನೆಯಲ್ಲಿ ನಗು ಇಣುಕುತ್ತಲೇ ಇತ್ತು.

ಬಾಗಿಲು ತೆರೆದವಳು ಆ ಮನೆಯ ಸೊಸೆ. ಒಳಗೆ ಹಿತ್ತಿಲ ಕಡೆಯ ಕೋಣೆಯಲ್ಲಿ ತೆಳ್ಳನೆಯ ಮುದುಕರೊಬ್ಬರು ಮಿಷನ್ನಿನ ಧೂಳು ಒರೆಸುತ್ತಿದ್ದರು. ಕನ್ನಡಕದಂಗಡಿ ನಡೆಸುತ್ತಿದ್ದವರಂತೆ, ಅಂಗಡಿ ಮುಚ್ಚಿ ಮನೆಯಲ್ಲಿದ್ದರು. ಮಿಷನ್ನು ಅಂಗಡಿಯ ಗಾಜಿನ ಹಿಂದಿನದಕ್ಕಿಂತಲೂ ಚೆಂದವಾಗಿತ್ತು. ಉದ್ದನೆಯ ತೋಳು, ನುಣ್ಣನೆಯ ಕಬ್ಬಿಣದ ಮೇಜು. ಪುಡಿರಾಯರಿಗೆ ಅದು ಬೇಕಾಗಿತ್ತು. ಬೇಕೆಂದರೆ ಬೇಕೇ ಬೇಕಾಗಿತ್ತು.

ಹತ್ತಿರ ಹೋಗಿ ಬ್ಲೇಡಿನ ಮೇಲೆ ಬೆರಳಾಡಿಸಿದರು. ಬೆರಳು ಅಲ್ಲೇ ನಿಂತಿತು. ಬ್ಲೇಡಿನ ಹಲ್ಲು ಕೆಳಮುಖವಾಗಿರಬೇಕು, ಆಗಲೇ ಅದು ಹಲಗೆಯನ್ನು ಮೇಜಿಗೆ ಒತ್ತಿ ಕೊರೆಯುವುದು. ಇಲ್ಲಿ ಹಲ್ಲೆಲ್ಲ ಮೇಲ್ಮುಖ. ಯಾರೋ ಬ್ಲೇಡನ್ನು ತಲೆಕೆಳಗು ಹಾಕಿದ್ದರು. ಅಷ್ಟೇ ದೋಷ. ಮಕ್ಕಳೂ ಸರಿಮಾಡಬಹುದಾದ ದೋಷ.

"ಯಾಕೆ ಮಾರ್ತಿದೀರ ಯಜಮಾನ್ರೇ?" ಎಂದು ಕ್ಯಾಷಿಯರಮ್ಮ ಸೊಂಟಕ್ಕೆ ಕೈಯಿಟ್ಟು ಕೇಳಿದಳು.

"ಮಿಷನ್ನಿನ ತಪ್ಪಲ್ಲಮ್ಮ" ಎಂದರು ಮುದುಕರು. "ಇಡೀ ಆಯಸ್ಸು ಕನ್ನಡಕದ ಗಾಜು ಉಜ್ಜಿದ ಕೈ ಇವು. ಕೂದಲೆಳೆಯಷ್ಟು ಆಚೀಚೆ ಆಗ್ತಿರ್ಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಕೈಗೆ ಏನಾದ್ರೂ ಕೆಲಸ ಬೇಕಲ್ಲ ಅಂತ ಇದನ್ನ ತಂದೆ. ಹಲಗೆ ಹಿಡಿದ್ರೆ ದಡದಡ ಕುಣಿಯುತ್ತೆ. ಕೈ ನಡುಕ ಶುರುವಾಗಿದೆ. ಕೈ ಹೋಯ್ತು ಅಂದ್ಮೇಲೆ ಇದನ್ನ ನೋಡ್ತಾ ಕೂತ್ಕೊಳ್ಳೋದು ಕಷ್ಟ."

ಪುಡಿರಾಯರಿಗೆ ಒಳಗೊಳಗೇ ಚುಚ್ಚಿತು. ಆದರೂ, ಬೆಳಿಗ್ಗೆ ಗುಟ್ಟು ಕಾಪಾಡಲಾರದ ಮನುಷ್ಯ ಮಧ್ಯಾಹ್ನ ಗುಟ್ಟಿನ ಗಣಿಯಾಗಿ ನಿಂತಿದ್ದರು. ಒಂದು ಮಾತು ಹೇಳಿದರೆ ಮುದುಕರಿಗೆ ಅವರ ಕೈ ವಾಪಸು ಸಿಗುತ್ತದೆ. ಹೇಳದಿದ್ದರೆ ಮಿಷನ್ನು ನನಗೆ ಸಿಗುತ್ತದೆ. ಮನೆಗೆ ಒಯ್ದು ಬ್ಲೇಡು ತಿರುಗಿಸಿಕೊಂಡರಾಯಿತು. ದೇವರಿಗೆ ಆಮೇಲೆ ಸಮಾಧಾನ ಹೇಳಿದರಾಯಿತು.

"ತಗೋತೀನಿ" ಎಂದರು, ಸ್ವಲ್ಪ ಗಟ್ಟಿಯಾಗಿಯೇ. "ಈಗಲೇ ತಗೋತೀನಿ. ಮೇಷ್ಟ್ರೇ, ಆ ಕಡೆ ಹಿಡೀರಿ."

"ಏಯ್, ನಿಲ್ಲಿ!" ಮೇಷ್ಟ್ರು ಬ್ರೇಕ್ ಒತ್ತಿದರು. "ಓಡಿಸಿ ನೋಡದೆ ಯಾರಾದ್ರೂ ಹಳೇ ಗಾಡಿ ತಗೋತಾರೇನ್ರೀ? ಎಲ್ಲಿ ಆ ಹಲಗೆ?"

ಬೇಡ ಬೇಡವೆಂದರೂ ಕೇಳದೆ ಮೇಷ್ಟ್ರು ಸ್ವಿಚ್ಚು ಒತ್ತಿ ಬ್ಲೇಡಿಗೆ ಹಲಗೆ ಕೊಟ್ಟರು. ಹಲಗೆ ಮೇಲಕ್ಕೆ ಹಾರಿ, ಮೇಜಿಗೆ ಬಡಿದು, ಮತ್ತೆ ಹಾರಿತು. ಕೋಣೆಯ ಕಿಟಕಿಗಳೆಲ್ಲ ಗಡಗಡ ಎಂದವು. ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಬಂದು ನಿಂತಿತು.

"ನಂದು ಸ್ಟಿಯರಿಂಗ್ ಹಿಡಿದ ಕೈ, ನಡುಗೋ ಕೈ ಅಲ್ಲ" ಎಂದು ಅವರು ಘೋಷಿಸಿದರು. "ಮಿಷನ್ನೇ ಕೆಟ್ಟಿದೆ. ಮುಟ್ಟಬೇಡಿ."

"ಪರ್ವಾಗಿಲ್ಲ, ಕೆಟ್ಟಿದ್ರೂ ಇರ್ಲಿ" ಎಂದರು ಪುಡಿರಾಯರು.

"ಕೆಟ್ಟಿದ್ರೂ ಇರ್ಲಾ? ತಲೆ ನೆಟ್ಟಗಿದೆಯಾ ನಿಮ್ಗೆ?" ಕ್ಯಾಷಿಯರಮ್ಮ ಅವರ ತೋಳು ಹಿಡಿದೆಳೆದಳು. ಮೇಷ್ಟ್ರು ಆಗಲೇ ಪುಡಿರಾಯರ ಮನೆಗೆ ಫೋನು ಹಚ್ಚಿದ್ದರು. ಹೆಂಡತಿಯ ದನಿ ಕೋಣೆಗೆಲ್ಲ ಕೇಳಿಸಿತು: "ರೀ, ಕೆಟ್ಟ ಮಿಷನ್ ಹೊತ್ಕೊಂಡು ಬಂದ್ರೆ ಅದರ ಜೊತೆ ನೀವೂ ಮೆಟ್ಟಿಲ ಕೆಳಗೇ ಮಲಗಬೇಕಾಗುತ್ತೆ, ಹೇಳಿದೀನಿ."

ಅಷ್ಟರಲ್ಲಿ ಮುದುಕರೂ ತಲೆಯಾಡಿಸಿದರು. "ನನ್ನ ಕೈ ಅಂದ್ಕೊಂಡಿದ್ದೆ, ಮಿಷನ್ನೂ ಕೆಟ್ಟಿದೆ ಅಂತಾಯ್ತು. ಗೊತ್ತಿದ್ದೂ ಗೊತ್ತಿದ್ದೂ ನಿಮಗೆ ದಾಟಿಸೋಕೆ ನನ್ನ ಮನಸ್ಸು ಒಪ್ಪಲ್ಲ ಸ್ವಾಮಿ. ಸಂಜೆ ಗುಜರಿಯವನು ಬರ್ತಾನೆ, ಅವನಿಗೇ ಹಾಕ್ಬಿಡ್ತೀನಿ."

ಗುಜರಿಗೆ! ಪುಡಿರಾಯರಿಗೆ ತಮ್ಮನ್ನೇ ತಕ್ಕಡಿಗೆ ಹಾಕಿದಂತಾಯಿತು. ಕೊಳ್ಳುವವನು ಒಬ್ಬ ಸಿದ್ಧನಿದ್ದಾನೆ, ಮಾರುವವರು ಸಿದ್ಧರಿಲ್ಲ. ಸಹಾಯಕ್ಕೆ ಬಂದವರು ತೋಳು ಹಿಡಿದು ನಿಂತಿದ್ದಾರೆ. ಮಿಷನ್ನು ಒಳ್ಳೆಯದೆಂದು ತೋರಿಸದೆ ಬೇರೆ ದಾರಿ ಉಳಿದಿರಲಿಲ್ಲ.

"ಸ್ವಲ್ಪ ಕುಡಿಯೋಕೆ ನೀರು ಕೊಡ್ತೀರಾ?" ಎಂದು ಮುದುಕರನ್ನು ಕೇಳಿದರು. ಅವರು ಒಳಗೆ ಹೋದರೆ ಸದ್ದಿಲ್ಲದೆ ಬ್ಲೇಡು ತಿರುಗಿಸಿಬಿಡಬಹುದು. ಆದರೆ ನೀರು ತರಲು ಹೋದವಳು ಸೊಸೆ. ಮುದುಕರು ಇನ್ನೂ ಹತ್ತಿರಕ್ಕೆ ಬಂದು ಕುಳಿತರು. ಪುಡಿರಾಯರು ಅವರಿಗೆ ಬೆನ್ನು ಮಾಡಿ, ಮೈಯಿಂದ ಮಿಷನ್ನನ್ನು ಮರೆಮಾಡಿಕೊಂಡು, ತಿರುಪು ಸಡಿಲಿಸಿದರು.

"ಏನ್ ಮಾಡ್ತಿದೀರ ಪುಡಿರಾಯರೇ?" ಕ್ಯಾಷಿಯರಮ್ಮ ಅವರ ಕಂಕುಳಡಿಯಿಂದ ಇಣುಕಿದಳು. "ಓ, ಬ್ಲೇಡು ತಲೆಕೆಳಗು ಹಾಕಿದ್ರಾ ಯಾರೋ? ಅಷ್ಟೇನಾ ರೋಗ?"

ಬೀದಿಯ ಕೊನೆಯವರೆಗೂ ಕೇಳಿಸುವ ಕಂಠ ಆಕೆಯದು.

ಇನ್ನು ಮುಚ್ಚಿಡಲು ಏನೂ ಇರಲಿಲ್ಲ. ಪುಡಿರಾಯರು ಬ್ಲೇಡು ಬಿಗಿದು, ಬೆರಳಿನಿಂದ ಮೀಟಿ ನೋಡಿದರು. ತಂತಿಯಂತೆ ಟಿಂಗ್ ಎಂದಿತು. ಸ್ವಿಚ್ಚು ಒತ್ತಿದರು. ಜೇಬಿನಿಂದ ನಾಣ್ಯವೊಂದನ್ನು ತೆಗೆದು ಮೇಜಿನ ಮೇಲೆ ಅಂಚೂರಿ ನೆಟ್ಟಗೆ ನಿಲ್ಲಿಸಿದರು. ಮಿಷನ್ನು ಓಡುತ್ತಿತ್ತು, ನಾಣ್ಯ ಅಲ್ಲಾಡದೆ ನಿಂತಿತ್ತು. ಮೇಷ್ಟ್ರು ಬಾಯಿ ತೆರೆದವರು ಮುಚ್ಚಲಿಲ್ಲ.

ಆಮೇಲೆ ಪುಡಿರಾಯರು ಯಾರನ್ನೂ ನೋಡಲಿಲ್ಲ. ಪೆನ್ಸಿಲಿನಿಂದ ಹಲಗೆಯ ಮೇಲೆ ಒಂದು ಹಕ್ಕಿ ಗೀಚಿದರು, ಹಲಗೆ ಕೊಟ್ಟರು. ಎಷ್ಟೋ ಸಂಜೆಗಳಲ್ಲಿ ಗಾಜಿಗೆ ಹಣೆಯಿಟ್ಟು ಊಹಿಸಿದ್ದ ಸದ್ದು ಇದೇ ಇತ್ತು, ಅದಕ್ಕಿಂತ ಮೆದುವಾಗಿತ್ತು. ಹಲಗೆ ಕೈಯೊಳಗೆ ತಾನೇ ತಿರುಗಿತು. ಬಾಲ ಬಂತು, ರೆಕ್ಕೆ ಬಂತು. ಕೊಕ್ಕಿನ ತಿರುವು ಬಂದಾಗ ಅಭ್ಯಾಸಬಲದಿಂದ ಅವರು ಕಣ್ಣು ಮುಚ್ಚಿಕೊಂಡರು. ಏನೂ ಮುರಿಯಲಿಲ್ಲ. ಕಣ್ಣು ಬಿಟ್ಟಾಗ ಅಂಗೈ ಮೇಲೆ ಕೊಕ್ಕಿರುವ ಹಕ್ಕಿ ಇತ್ತು. ಇನ್ನು ಇದು ನನ್ನದು, ದಿನಾ ಸಂಜೆ ನನ್ನದು ಎಂದುಕೊಂಡರು.

"ಸ್ವಾಮಿ" ಎಂದರು ಹಿಂದಿನಿಂದ ಮುದುಕರು. "ಕೊಡೋಕೆ ಮುಂಚೆ ಒಂದೇ ಒಂದು ಸಲ ನಾನೂ ನೋಡ್ಲಾ?"

ಬೇಡವೆನ್ನಲು ಯಾವ ಬಾಯಿ? ಪುಡಿರಾಯರು ಸ್ಟೂಲು ಬಿಟ್ಟೆದ್ದರು. ಮುದುಕರು ಕುಳಿತು, ಉಸಿರು ಹಿಡಿದು, ಹಲಗೆ ಕೊಟ್ಟರು. ಅದು ಕುಣಿಯಲಿಲ್ಲ. ಸುಮ್ಮನೆ, ವಿಧೇಯವಾಗಿ, ಗೆರೆಯ ಮೇಲೆಯೇ ಸಾಗಿತು. ಒಂದು ಎಲೆ, ಅದರ ಪಕ್ಕ ಇನ್ನೊಂದು ಎಲೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅವರು ಮಿಷನ್ನು ನಿಲ್ಲಿಸಿ, ಎರಡೂ ಕೈಗಳನ್ನು ಮುಂದೆ ಚಾಚಿ, ಯಾರದೋ ಕೈ ನೋಡುವಂತೆ ನೋಡಿಕೊಂಡರು.

"ಅಮ್ಮಾ, ಬಾ ಇಲ್ಲಿ" ಎಂದು ಸೊಸೆಯನ್ನು ಕರೆದರು. "ನನ್ನ ಕೈಗೆ ಏನೂ ಆಗಿಲ್ಲ ಕಣಮ್ಮ. ನೋಡು. ಬ್ಲೇಡು ತಿರುಗು ಮುರುಗಾಗಿತ್ತಂತೆ, ಅಷ್ಟೇ."

ನೀರು ಹಿಡಿದು ಬಂದ ಸೊಸೆ ಲೋಟ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಾವ ಊಟ ಬಿಟ್ಟಿದ್ರು ಕಣ್ರೀ, ಕೈ ಹೋಯ್ತು ಅಂತ" ಎಂದಳು ಪುಡಿರಾಯರಿಗೆ. ಪುಡಿರಾಯರು ಆ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದರು. ಮುಂದಿನದು ಅವರಿಗೆ ಆಗಲೇ ಗೊತ್ತಾಗಿತ್ತು. ಗೊತ್ತಾಗದೆ ಇದ್ದವಳು ಕ್ಯಾಷಿಯರಮ್ಮ ಒಬ್ಬಳೇ.

"ಸರಿ ಯಜಮಾನ್ರೇ, ಈಗ ರೇಟು ಮಾತಾಡೋಣ" ಎಂದಳು.

"ಯಾವುದರ ರೇಟು?" ಎಂದರು ಮುದುಕರು, ನಿಜವಾಗಿಯೂ ಮರೆತು. ಆಮೇಲೆ ನೆನಪಾಗಿ ಪುಡಿರಾಯರ ಎರಡೂ ಕೈ ಹಿಡಿದುಕೊಂಡರು. "ತಪ್ಪು ತಿಳ್ಕೋಬೇಡಿ. ನೀವು ಬರದೆ ಇದ್ದಿದ್ರೆ ನಾನು ಇದನ್ನ ಕಳ್ಕೋತಿದ್ದೆ. ಆ ಹಕ್ಕಿನೂ ಇಲ್ಲೇ ಬಿಟ್ಟು ಹೋಗ್ತೀರಾ? ನೋಡಿ ಕಲಿಯೋಕೆ ಬೇಕು."

ಪುಡಿರಾಯರು ಹಕ್ಕಿಯನ್ನು ಮೇಜಿನ ಮೇಲಿಟ್ಟರು. ಮೇಷ್ಟ್ರು ಮೊದಲ ಬಾರಿಗೆ ಒತ್ತಲು ಬ್ರೇಕೇ ಇಲ್ಲದೆ ಸುಮ್ಮನೆ ನಿಂತಿದ್ದರು. ಮುದುಕರು ಆಗಲೇ ಮತ್ತೊಂದು ಹಲಗೆ ಎತ್ತಿಕೊಂಡು, "ಇಲ್ಲಿ ತಿರುವಿನಲ್ಲಿ ಹೇಗೆ ಹಿಡೀಬೇಕು?" ಎಂದು ಕೇಳುತ್ತಿದ್ದರು.

"ಗಟ್ಟಿಯಾಗಿ ಹಿಡೀಬೇಡಿ" ಎಂದರು ಪುಡಿರಾಯರು ಮೆಲ್ಲಗೆ. "ಬೆರಳು ಊರಿದ್ರೆ ಸಾಕು. ಅದೇ ತಿರುಗುತ್ತೆ."

ಆಗ ಬಾಗಿಲು ತಟ್ಟಿದ ಸದ್ದಾಯಿತು. ಕೆಲಸದಿಂದ ತಲೆ ಎತ್ತದೆ ಮುದುಕರು, "ಸ್ವಾಮಿ, ಸ್ವಲ್ಪ ನೋಡ್ತೀರಾ? ಮಿಷನ್ನು ಕೇಳ್ಕೊಂಡು ಬಂದಿದ್ರೆ ಹೋಗಿಬಿಡ್ತು ಅಂತ ಹೇಳಿ ಕಳಿಸಿ" ಎಂದರು.

ಬಾಗಿಲ ಹೊರಗೆ ಯಾರೋ ಒಬ್ಬ, ಬ್ಯಾಂಕಿನವನೋ ಶಾಲೆಯವನೋ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ. ಪುಡಿರಾಯರು ಕೀಳುವ ಮುಂಚೆಯೇ ಆ ಚೀಟಿ ಓದಿದ್ದವನಿರಬೇಕು. ಬೇಡವೆನ್ನುವಂತೆ ಮುಖ ಹುಳಿ ಮಾಡಿಕೊಂಡಿದ್ದರೂ ಕಣ್ಣು ಮಾತ್ರ ಪುಡಿರಾಯರ ಹೆಗಲಾಚೆಗೆ, ಆ ಸದ್ದು ಬರುತ್ತಿದ್ದ ಕೋಣೆಯತ್ತ ಹಾರುತ್ತಿತ್ತು.

"ಸ್ಕ್ರಾಲ್ ಸಾ..." ಎಂದು ಅವನು ಶುರುಮಾಡಿದ.

"ಹೋಗಿಬಿಡ್ತು" ಎಂದರು ಪುಡಿರಾಯರು.

ಅವನ ಮುಖ ಇಳಿದುಹೋಯಿತು. "ಅಯ್ಯೋ. ಯಾರು ಸರ್ ತಗೊಂಡಿದ್ದು? ಪುಣ್ಯವಂತರು."

"ಅದರ ಯಜಮಾನ್ರೇ ತಗೊಂಡ್ರು" ಎಂದರು ಪುಡಿರಾಯರು.