ಐದನೇ ಎಸಳು

ನಾಲ್ಕು ಎಸಳು ಕೆತ್ತಿದ ಮಿಷನ್ ಐದನೆಯದಕ್ಕೆ ಕೈಹಾಕಿ ಗಕ್ಕನೆ ನಿಂತಿತು. ಗುಮಾಸ್ತ ಸ್ವಿಚ್ಚು ಆರಿಸಿದ, ಮತ್ತೆ ಹಾಕಿದ. ಬೇರೆ ಹಲಗೆ ಇಟ್ಟು ಮೊದಲಿನಿಂದ ಶುರು ಮಾಡಿದ. ನಾಲ್ಕು ಎಸಳು ಬೆಣ್ಣೆಯಲ್ಲಿ ಕೊರೆದಷ್ಟು ಚೆಂದ. ಐದನೆಯದರ ಬುಡಕ್ಕೆ ಬಂದದ್ದೇ ತಡ, ಅದೇ ಮೌನವ್ರತ. ಭಾನುವಾರ ಬೆಳಿಗ್ಗೆ ಎಂಟೂವರೆಯೊಳಗೆ ಹೀಗೆ ಮೂರು ಹಲಗೆ ಹಾಳಾದವು.

ವಾರದಲ್ಲಿ ಆರು ದಿನ ಕಚೇರಿಯ ಕಿಟಕಿಯ ಹಿಂದೆ ಕೂತು ಜನರ ಬೈಗುಳ ತಿನ್ನುವ ಈ ಬಡಪಾಯಿಗೆ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಲು ಜಗತ್ತಿನಲ್ಲಿ ಇದ್ದದ್ದು ಹಿತ್ತಲ ಕಡೆಯ ಈ ಪುಟ್ಟ ಕೋಣೆ ಒಂದೇ. ಬಿಡಿಭಾಗ ತರಿಸಿ, ಒಂದು ವರ್ಷ ಒದ್ದಾಡಿ ತಾನೇ ಜೋಡಿಸಿದ ಕೆತ್ತನೆ ಮಿಷನ್ ಅದರಲ್ಲಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಕೊಟ್ಟರೆ ಅದರ ತೋಳು ಎಡಕ್ಕೂ ಬಲಕ್ಕೂ ಓಡಾಡಿ ಮರದ ಮೇಲೆ ಅದನ್ನೇ ಕೊರೆಯುತ್ತಿತ್ತು. ಬೀದಿಯವರು ಅದಕ್ಕೆ ಮರಕುಟಿಗ ಎಂದು ಹೆಸರಿಟ್ಟಿದ್ದರು. ಬಾಗಿಲು ಹಾಕಿಕೊಂಡು, ಅದರ ಸದ್ದು ಕೇಳುತ್ತ ಸ್ಟೂಲಿನ ಮೇಲೆ ಒಬ್ಬನೇ ಕೂತರೆ ಅವನಿಗೆ ಆರು ದಿನದ ಸುಸ್ತು ಇಳಿಯುತ್ತಿತ್ತು.

ಹೆಂಡತಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಏನ್ರೀ, ಸದ್ದೇ ಇಲ್ಲ?"

"ಸುಧಾರಿಸಿಕೊಳ್ತಾ ಇದೆ."

"ನೋಡಿ, ಸಂಜೆ ಆರಕ್ಕೆ ಅಪ್ಪ ಬರ್ತಾರೆ. ಓಡೋ ಮಿಷನ್ ಆದ್ರೆ ಇರ್ಲಿ, ಅಪ್ಪನಿಗೆ ಹಾಲ್‌ನಲ್ಲೇ ಮಂಚ ಹಾಕೋಣ. ಕೆಟ್ಟು ಕೂತಿರೋ ಸಾಮಾನಿಗೆ ಒಂದು ರೂಮ್ ಬಿಡೋಕೆ ಇದೇನು ಅರಮನೆನಾ? ಅವರು ಬರೋದ್ರೊಳಗೆ ಸರಿಹೋಗಲಿಲ್ಲ ಅಂದ್ರೆ ಅದು ಅಟ್ಟಕ್ಕೆ, ಅಪ್ಪನ ಮಂಚ ಇಲ್ಲಿಗೆ."

ಅಟ್ಟ ಎಂದದ್ದೇ ಗುಮಾಸ್ತ ಸ್ಟೂಲಿನಿಂದ ಧಡಕ್ಕನೆ ಎದ್ದ. ಟೆಸ್ಟರ್ ಹಿಡಿದು ಪ್ಲಗ್ಗಿನಿಂದ ಶುರು ಮಾಡಿದ. ಪ್ಲಗ್ಗಿನಲ್ಲಿ ಕರೆಂಟಿತ್ತು. ಮಿಷನ್ನಿನ ಕಂಟ್ರೋಲ್ ಪೆಟ್ಟಿಗೆಯಲ್ಲಿ ಕರೆಂಟಿತ್ತು. ಮುಂದಕ್ಕೆ ಹೋಗುವಷ್ಟರಲ್ಲಿ ಪಕ್ಕದ ಮನೆಯ ರಿಟೈರ್ಡ್ ಲೈನ್‌ಮನ್ ಒಳಗೆ ಬಂದಾಗಿತ್ತು. ಯಾರ ಮನೆಯಲ್ಲಿ ಕರೆಂಟು ಕೆಮ್ಮಿದರೂ ಈ ಮಹಾನುಭಾವರಿಗೆ ಗೊತ್ತಾಗಿಬಿಡುತ್ತಿತ್ತು.

"ಅರ್ಥಿಂಗ್!" ಎಂದರು, ಮಿಷನ್ ಕಡೆ ನೋಡುವ ಮೊದಲೇ. "ನೂರರಲ್ಲಿ ತೊಂಬತ್ತು ರೋಗ ಅರ್ಥಿಂಗಿಂದೇ ಗುಮಾಸ್ತರೇ."

"ಉಳಿದ ಹತ್ತು?"

"ಅದೂ ಅರ್ಥಿಂಗೇ. ಜನ ಒಪ್ಪಲ್ಲ ಅಷ್ಟೇ."

ಬೇಡ ಎನ್ನುವಷ್ಟು ಶಕ್ತಿ ಗುಮಾಸ್ತನಲ್ಲಿರಲಿಲ್ಲ. ಲೈನ್‌ಮನ್ ಅಡುಗೆಮನೆಯಿಂದ ಉಪ್ಪಿನ ಡಬ್ಬಿ ತರಿಸಿ, ಎರಡು ಬಕೆಟ್ ಉಪ್ಪುನೀರನ್ನು ಹಿತ್ತಲ ಅರ್ಥಿಂಗ್ ಗುಂಡಿಗೆ ಸುರಿದರು. ಅಷ್ಟಕ್ಕೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಸ್ವಿಚ್ ಬೋರ್ಡ್ ಬಿಚ್ಚಿ, "ಇದು ಇಲ್ಲಿರಬಾರದಲ್ಲ" ಎನ್ನುತ್ತ ಒಂದು ವೈರನ್ನು ಅಲ್ಲಿಂದ ಇಲ್ಲಿಗೆ ತಂದರು. ಫಟ್ ಎಂದು ಇಡೀ ಕಟ್ಟಡದ ಕರೆಂಟು ಹೋಯಿತು. ಅಡುಗೆಮನೆಯಲ್ಲಿ ಮಿಕ್ಸಿ ನಿಂತಿತು. "ರೀ!" ಎಂಬ ಕೂಗು ಮಿಕ್ಸಿಗಿಂತ ಜೋರಾಗಿತ್ತು.

ಫ್ಯೂಸ್ ಕಟ್ಟುವ ಹೊತ್ತಿಗೆ ಮಹಡಿಯ ಮನೆಯ ಟೈಲರಮ್ಮ ಕೊರಳಲ್ಲಿ ಟೇಪು, ಕೈಯಲ್ಲಿ ಮಿಷನ್ ಎಣ್ಣೆಯ ಡಬ್ಬಿ ಇರುವಂತೆಯೇ ಇಳಿದು ಬಂದಳು. ಅರ್ಧ ತೋಳು ಹೊಲಿಯುವಾಗ ಅವಳ ಮಿಷನ್ನೂ ನಿಂತಿತ್ತಂತೆ. ಸಂಗತಿ ತಿಳಿದ ಮೇಲೆ ಅವಳ ಸಿಟ್ಟು ಕನಿಕರವಾಯಿತು, ಅದು ಇನ್ನೂ ಅಪಾಯ.

"ಅಣ್ಣಾ, ಮಿಷನ್ ಅಂದ್ರೆ ಎಲ್ಲಾ ಒಂದೇ. ಎಣ್ಣೆ ಕೇಳ್ತಾ ಇದೆ ಅದು, ಪಾಪ."

ತಡೆಯುವ ಮೊದಲೇ ಅವಳು ಕಂಡ ಕಂಡ ತೂತಿಗೆಲ್ಲ ಎಣ್ಣೆ ಬಿಟ್ಟಳು. ಲೈನ್‌ಮನ್ ಕೆಂಡವಾದರು. "ಕರೆಂಟಿಗೂ ಎಣ್ಣೆಗೂ ಏನಮ್ಮಾ ಸಂಬಂಧ?"

"ಕರೆಂಟಿಗೂ ಉಪ್ಪುನೀರಿಗೂ ಇರೋ ಸಂಬಂಧಾನೇ!"

ಜಗಳ ಕೂತು ಆಡುವಂಥದ್ದೆಂದು ಗೊತ್ತಾಗಿ ಹಾಲ್‌ನಿಂದ ಕುರ್ಚಿಗಳು ಬಂದವು. ಮೂರು ಸಲ ಟೀ ಬಂತು. ಪ್ರತಿ ಸಲವೂ ಹೆಂಡತಿ ಲೋಟ ಕುಕ್ಕಿ ಗಡಿಯಾರ ನೋಡಿ ಹೋದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಒಬ್ಬನೇ ಇರಲೆಂದು ಮಾಡಿಕೊಂಡ ಕೋಣೆಯಲ್ಲಿ ಗುಮಾಸ್ತನಿಗೆ ನಿಲ್ಲಲೂ ಜಾಗವಿರಲಿಲ್ಲ.

ಎಣ್ಣೆ ಒರೆಸುವ ನೆಪದಲ್ಲಿ ಲೈನ್‌ಮನ್ ಪೆಟ್ಟಿಗೆಯ ಪ್ಲಗ್ಗುಗಳನ್ನೆಲ್ಲ ಕಿತ್ತು, ಒರೆಸಿ, ಅಂದಾಜಿನ ಮೇಲೆ ಮತ್ತೆ ಚುಚ್ಚಿದರು. "ಈಗ ಹಾಕಿ!"

ಹಾಕಿದ. ಬಲಕ್ಕೆ ಹೋಗಬೇಕಾದ ತೋಳು ಹೇಳದೆ ಕೇಳದೆ ಎಡಕ್ಕೆ ಓಡಿ ಸತ್ತು ನಿಂತಿತು. ಒಂದು ಎಸಳನ್ನೂ ಕೆತ್ತಿರಲಿಲ್ಲ.

"ನಿಮ್ಮ ಉಪ್ಪುನೀರು!"

"ನಿನ್ನ ಎಣ್ಣೆ!"

ಗುಮಾಸ್ತ ಮಾತ್ರ ತೋಳನ್ನೇ ನೋಡುತ್ತಿದ್ದ. ಐದನೇ ಎಸಳು ಹೂವಿನ ಎಡಗಡೆಯದು. ಹಾಗಾದರೆ ತಪ್ಪು ಎಸಳಿನದಲ್ಲ. ಎಲ್ಲಿಂದ ಹೊರಟರೂ ಎಡಕ್ಕೆ ಹೋದರೆ ಇದು ಸಾಯುತ್ತದೆ. ಬೆಳಗಿನಿಂದ ಮೊದಲ ಬಾರಿಗೆ ಅವನ ಮುಖಕ್ಕೆ ಜೀವ ಬಂತು.

"ಊಟದ ಹೊತ್ತಾಯ್ತು, ಇಬ್ರೂ ಉಂಡು ಬನ್ನಿ" ಎಂದು ಕೈಮುಗಿದು ಕಳಿಸಿ ಚಿಲಕ ಹಾಕಿದ. ಪ್ಲಗ್ಗುಗಳನ್ನು ಮೊದಲಿನ ಜಾಗಕ್ಕೆ ಸೇರಿಸಲು ಎರಡು ಗಂಟೆ ಹಿಡಿಯಿತು. ಆಮೇಲೆ, ತೋಳಿನ ಜೊತೆ ಅತ್ತಿತ್ತ ಓಡಾಡುವ ವೈರಿನ ಕಟ್ಟನ್ನು ಬೆರಳಿನಿಂದ ಇಂಚಿಂಚೂ ಬಗ್ಗಿಸುತ್ತ ಹೋದ. ಒಂದು ಕಡೆ ಬಗ್ಗಿಸಿದಾಗ ಪೆಟ್ಟಿಗೆಯ ಕೆಂಪು ದೀಪ ಆರಿತು. ಬಿಟ್ಟ, ಹತ್ತಿತು. ಬಗ್ಗಿಸಿದ, ಆರಿತು. ಮೇಲಿನ ಹೊದಿಕೆ ಹೊಸದರಂತಿತ್ತು, ಒಳಗಿನ ತಾಮ್ರ ಮಾತ್ರ ತುಂಡಾಗಿತ್ತು. ತೋಳು ಬಲಕ್ಕಿದ್ದಾಗ ತುದಿಗಳು ಒಂದಕ್ಕೊಂದು ತಾಗಿಕೊಂಡಿರುತ್ತಿದ್ದವು. ಎಡಕ್ಕೆ ಹೋಗಿ ವೈರು ಬಗ್ಗಿದರೆ ಬಿಟ್ಟುಹೋಗುತ್ತಿದ್ದವು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು, ಆದರೂ ಆ ಇಲಿಯನ್ನು ಅವನು ಮುದ್ದಾಡಲು ತಯಾರಿದ್ದ.

ಪ್ಲಗ್ಗು ಕಿತ್ತು, ಕೆಟ್ಟ ಜಾಗ ಕತ್ತರಿಸಿ, ಜೋಡಿಸಿ, ಟೇಪು ಸುತ್ತಿದ. ಐದೂವರೆಗೆ ಮರಕುಟಿಗ ಐದನೇ ಎಸಳು ದಾಟಿತು, ಆರು, ಏಳು, ಎಂಟು. ಗುಮಾಸ್ತನ ಕಣ್ಣಲ್ಲಿ ನೀರಾಡಿತು. ಸದ್ದು ಕೇಳಿ ಇಬ್ಬರೂ ಓಡಿ ಬಂದರು.

"ಉಪ್ಪುನೀರು ಇಳಿಯೋಕೆ ಟೈಮ್ ಬೇಕು ಅಂದಿರಲಿಲ್ವಾ?" ಎಂದರು ಲೈನ್‌ಮನ್. ಟೈಲರಮ್ಮ ಎಣ್ಣೆ ಡಬ್ಬಿಯನ್ನು ಎದೆಗೊತ್ತಿಕೊಂಡು ನಕ್ಕಳು. ಹೆಂಡತಿ ಮಾತಿಗೆ ತಪ್ಪುವವಳಲ್ಲ, ಹಾಲ್‌ನಲ್ಲಿ ಮಂಚ ಹಾಕಿಸಿದಳು. ಗೆದ್ದೆ ಎಂದುಕೊಂಡ ಗುಮಾಸ್ತ.

ಆರಕ್ಕೆ ಸರಿಯಾಗಿ ಮಾವ ಬಂದರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಮನುಷ್ಯ, ಈಗ ಕಣ್ಣು ಸಾಲದೆಂದು ಉಳಿ ಮುಟ್ಟುವುದು ಬಿಟ್ಟಿದ್ದರು. ಕೈಯಲ್ಲಿದ್ದ ಚೀಲ ಇಳಿಸದೆ ಕೋಣೆಯ ಬಾಗಿಲಲ್ಲೇ ನಿಂತು, ಹೂವು ಮುಗಿಯುವವರೆಗೂ ನೋಡಿದರು.

"ಅಳಿಯಂದ್ರೇ, ಇದನ್ನ ನೀವೇ ಮಾಡಿದ್ದಾ?"

ಮದುವೆಯಾಗಿ ಹದಿನಾರು ವರ್ಷದಲ್ಲಿ ಮಾವನ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು. ಗುಮಾಸ್ತ ಉಬ್ಬಿಹೋದ. ಚಿತ್ರ ಕೊಡುವುದು, ಹಲಗೆ ಬಿಗಿಯುವುದು, ಎಲ್ಲವನ್ನೂ ತಾನಾಗಿಯೇ ಹೇಳಿಕೊಟ್ಟ. ಮುಂದಿನ ಹೂವನ್ನು ಮಾವನೇ ಕೆತ್ತಿಸಿದರು. ಅದರ ಮುಂದಿನದನ್ನೂ ಅವರೇ.

"ಮಗಳೇ," ಎಂದರು ಮಾವ, ಹಲಗೆಯಿಂದ ಕಣ್ಣು ಕೀಳದೆ, "ನಿಜ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮನೇಲಿ ಸುಮ್ಮನೆ ಕೂತು ಕೂತು ನಂಗೆ ತಲೆ ಕೆಡುತ್ತೆ. ಅದಕ್ಕೇ ಪ್ರತಿ ಸಲ ಮೂರನೇ ದಿನಕ್ಕೇ ಚೀಲ ಎತ್ತೋದು. ಈಗ ಕೈಗೆ ಕೆಲಸ ಸಿಕ್ತಲ್ಲ, ಇನ್ನು ಇಲ್ಲೇ ಇದ್ದುಬಿಡ್ತೀನಿ. ಮಂಚ ಈ ರೂಮಿಗೇ ಹಾಕಿಸು, ಮಿಷನ್ ಪಕ್ಕಕ್ಕೆ."

"ಎಷ್ಟು ದಿನ ಮಾವ?" ಎಂದ ಗುಮಾಸ್ತ.

"ದಿನದ ಲೆಕ್ಕ ಯಾಕೆ? ನನ್ನ ಮನೇನ ಬಾಡಿಗೆಗೆ ಕೊಟ್ಟುಬಿಡ್ತೀನಿ."

ಹೆಂಡತಿ ಸಂತೋಷಕ್ಕೆ ಅತ್ತೇಬಿಟ್ಟಳು. ಲೈನ್‌ಮನ್ ಒಂದು ಕಡೆ, ಟೈಲರಮ್ಮ ಒಂದು ಕಡೆ ಹಿಡಿದು ಮಂಚವನ್ನು ಒಳಗೆ ಸಾಗಿಸಿದರು. ದಾರಿಗೆ ಅಡ್ಡವಾಗಿದ್ದ ಸ್ಟೂಲನ್ನು ಗುಮಾಸ್ತನ ಕೈಗೆ ಕೊಟ್ಟು ಹೊರಗೆ ಕಳಿಸಿದರು.

ಅವನು ಸ್ಟೂಲಿನ ಸಮೇತ ಹಾಲ್‌ನಲ್ಲಿ ನಿಂತ. ವೈರನ್ನು ಮುಟ್ಟದೆ ಬಿಟ್ಟಿದ್ದರೆ? ಮಿಷನ್ ಅಟ್ಟದಲ್ಲಿ ಎರಡು ದಿನ ಮಲಗಿರುತ್ತಿತ್ತು, ಮೂರನೇ ದಿನ ಮಾವ ಬಸ್ಸು ಹತ್ತುತ್ತಿದ್ದರು, ನಾಲ್ಕನೇ ದಿನ ಅದನ್ನು ಇಳಿಸಿಕೊಂಡು ಬಾಗಿಲು ಹಾಕಿಕೊಳ್ಳಬಹುದಿತ್ತು. ತನ್ನ ಕೈಯಾರೆ ದೊಣ್ಣೆ ಕೊಟ್ಟು ಹೊಡೆಸಿಕೊಂಡಿದ್ದ. ಕನ್ನಡಕ ಒಳಗೇ ಉಳಿದದ್ದು ನೆನಪಾಗಿ ಹೋಗಿ ಬಾಗಿಲು ತಟ್ಟಿದ. ಒಳಗಿನಿಂದ ಚಿಲಕ ಹಾಕಿತ್ತು.

"ಆಮೇಲೆ ಬನ್ನಿ ಅಳಿಯಂದ್ರೇ," ಮಾವನ ದನಿ ಕೇಳಿತು. "ಇದು ಒಬ್ಬನೇ ಕೂತು ಮಾಡೋ ಕೆಲಸ."

ಆಗಲೇ ಮನೆ ಸೇರಿದ್ದ ಲೈನ್‌ಮನ್ ಕಾಂಪೌಂಡಿನಾಚೆಯಿಂದ ಕೂಗಿದರು. "ಗುಮಾಸ್ತರೇ, ಮತ್ತೆ ನಿಲ್ಲಲಿಲ್ಲ ತಾನೆ?"

"ಇಲ್ಲ ಸಾರ್," ಎಂದ ಗುಮಾಸ್ತ. "ಇನ್ನು ನಿಲ್ಲೋ ಹಾಗೆ ಕಾಣಲ್ಲ."